ಸಂಜೆವರೆಗಿನ ಇನ್‌ಚಾರ್ಜ್

ರಾಜ್ಯಗಳು ಕೈ ಬದಲಾಯಿಸಿದ್ದನ್ನೆಲ್ಲ ಚರಿತ್ರೆ ದಾಖಲಿಸಿದೆ. ಆ ಸೋಮವಾರ ಬೆಳಿಗ್ಗೆ ಒಂದು ಹೊಲಿಗೆಯಂಗಡಿ ಕೈ ಬದಲಾಯಿಸಿದ್ದು ಮಾತ್ರ ಅದರ ಗಮನಕ್ಕೆ ಬಂದಿಲ್ಲ. ಯಜಮಾನರು ಬೀಗದ ಕೈಗಳ ಗೊಂಚಲನ್ನು ಕಟಿಂಗ್ ಮಾಸ್ಟರ ಕೈಗೆ ಹಾಕಿ, "ಸಂಜೆವರೆಗೂ ನೀವೇ ಇನ್‌ಚಾರ್ಜ್" ಎಂದು ಸ್ಕೂಟರ್ ಹತ್ತಿ ಹೊರಟೇಬಿಟ್ಟರು.

ಮಾಸ್ಟರು ಬಾಯಿ ತೆರೆದದ್ದು ರಜೆ ಕೇಳುವುದಕ್ಕೆ. ದೂರದೂರಿಗೆ ಮದುವೆಯಾಗಿ ಹೋಗಿ, ವರ್ಷಗಳಿಂದ ಕಣ್ಣಿಗೆ ಬೀಳದಿದ್ದ ಅಕ್ಕ ಅಂದು ನಾಲ್ಕರ ರೈಲಿನಲ್ಲಿ ಈ ಊರು ದಾಟಿ ಹೋಗುವವಳಿದ್ದಳು. ರೈಲು ನಿಲ್ಲುವುದು ಹತ್ತೇ ನಿಮಿಷ. "ಬಂದು ಮುಖ ತೋರಿಸೋ, ಸಾಕು" ಎಂದಿದ್ದಳು. ಮಾಸ್ಟರು ಇದನ್ನು ಅಂಗಡಿಯವರಿಗೆಲ್ಲ ಹೇಳಿಯಾಗಿತ್ತು, ಯಜಮಾನರೊಬ್ಬರನ್ನು ಬಿಟ್ಟು. ಅವರ ಮುಂದೆ ನಿಂತರೆ ಮಾತು ಸೂಜಿಯ ಕಣ್ಣು ತಪ್ಪಿದ ದಾರದಂತೆ ಬಾಗಿ ಹಿಂದಕ್ಕೆ ಬರುತ್ತಿತ್ತು.

ಈಗ ಯಾರನ್ನೂ ಕೇಳಬೇಕಾಗಿಲ್ಲ. ಊಟವಾದ ಮೇಲೆ ಅಂಗಡಿಯನ್ನು ಯಾರಿಗಾದರೂ ಒಪ್ಪಿಸಿ ಹೊರಟರಾಯಿತು. ಕೊರಳಿನ ಅಳತೆ ಟೇಪು ಪದಕದಂತೆ ತೂಗಿತು.

ಮೊದಲು ಬಂದವನು ಇಸ್ತ್ರಿಯವನು. "ಮಾಸ್ಟ್ರೇ, ಹಲ್ಲುನೋವು. ನೀವೇ ಇನ್‌ಚಾರ್ಜ್ ಅಲ್ವಾ, ಒಂದು ಮಾತು ಹೇಳಿಬಿಡಿ."

"ಹೋಗಿ ಬಾ."

ಈ ಎರಡು ಪದಕ್ಕೆ ಇಷ್ಟೊಂದು ರುಚಿಯಿದೆಯೆಂದು ಮಾಸ್ಟರಿಗೆ ಗೊತ್ತಿರಲಿಲ್ಲ. ಗುಂಡಿ ಹಚ್ಚುವ ಅಜ್ಜಿಯ ಕನಸಿನಲ್ಲಿ ಮೊಮ್ಮಗಳು ಅತ್ತಿದ್ದಳಂತೆ. ಅಜ್ಜಿಯೂ ಹೋದಳು. ಮಿಷನ್ ತುಳಿಯುವ ಇಬ್ಬರನ್ನು ಮಾಸ್ಟರು ಕಾರಣ ಕೂಡ ಕೇಳದೆ ಕಳಿಸಿಕೊಟ್ಟರು.

ಮೂರೂವರೆಗೆ ತಲೆಯೆತ್ತಿದರೆ ಉಳಿದದ್ದು ತಾವು, ಮತ್ತು ಕೋಟು ತೊಟ್ಟ ರುಂಡವಿಲ್ಲದ ಬೊಂಬೆ.

ಪಕ್ಕದ ಕನ್ನಡಕದಂಗಡಿಯವನು ಇಣುಕಿದ. "ಅಲ್ರೀ, ಅಕ್ಕನ ರೈಲಿನ ಹೊತ್ತಾಯ್ತು, ಬೀಗ ಹಾಕ್ಕೊಂಡು ಹೋಗ್ಬನ್ನಿ. ಯಾರು ಕೇಳ್ತಾರೆ?"

"ಇನ್‌ಚಾರ್ಜ್ ಅಂದ್ರೆ ಏನಂದ್ಕೊಂಡ್ರಿ? ಎಲ್ಲರೂ ಎದ್ದು ಹೋದ್ಮೇಲೂ ಕೂತಿರೋನು!"

ನಾಲ್ಕಕ್ಕೆ ರೈಲು ಕೂಗಿದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಕೂಗಿತು. ಮಾಸ್ಟರು ಯಾರದೋ ಪ್ಯಾಂಟಿನ ಬಟ್ಟೆಯ ಮೇಲೆ ಹಾಕಿದ ಗೆರೆಯನ್ನೇ ಮತ್ತೆ ಮತ್ತೆ ಹಾಕುತ್ತಿದ್ದರು.

ಸಂಜೆ ಬಂದ ಯಜಮಾನರು ಬಾಗಿಲಲ್ಲೇ ನಿಂತರು. "ಇದೇನ್ರೀ, ಅಂಗಡಿ ತೆಗೆದೇ ಇದೆ? ಅಕ್ಕನ್ನ ನೋಡೋಕೆ ಹೋಗ್ಲಿಲ್ವಾ?"

"ನಿಮಗೆ... ಹೇಗೆ ಗೊತ್ತು ಸಾರ್?"

"ಇಸ್ತ್ರಿಯವ ಮೊದಲೇ ಹೇಳಿದ್ದ. ನನ್ನ ಹತ್ರ ರಜೆ ಕೇಳೋಕೆ ನಿಮಗೆ ಬಾಯೇ ಬರಲ್ಲ. ನಿಮಗೆ ನೀವೇ ಕೊಟ್ಕೊಳ್ಳಿ ಅಂತಾನೇ ಇನ್‌ಚಾರ್ಜ್ ಮಾಡಿ ಹೋದೆ!"

"ಹಾಗಂತ ಒಂದು ಮಾತು ಹೇಳಬಾರದಿತ್ತಾ ಸಾರ್?"

"ಇನ್‌ಚಾರ್ಜ್‌ಗೆ ಯಾರ್ರೀ ಹೇಳ್ತಾರೆ?"

ಮಾಸ್ಟರು ಬೀಗದ ಕೈಗಳನ್ನು ಮೇಜಿನ ಮೇಲಿಟ್ಟರು. ಮರುದಿನದಿಂದ, ಯಜಮಾನರ ಮುಂದೆ ಬಾಯಿ ಬಿಡಬಲ್ಲ ಇಸ್ತ್ರಿಯವನು ಇನ್‌ಚಾರ್ಜ್ ಆದ.