ಗೋರಿಕಲ್ಲಿಗೊಂದು ‘ಕ್ರೈಕಿ’

ಕ್ಲೈವ್: ಆಗಲ್ಲ ಅಂದ್ರೆ ಆಗಲ್ಲ ನೋಲೀನ್. ಗೋರಿಕಲ್ಲಿನ ಮೇಲೆ ‘ಕ್ರೈಕಿ’ ಅಂತ ಕೆತ್ತಿಸೋಕೆ ಇದೇನು ಬಾರಿನ ಗೋಡೆನಾ?

ನೋಲೀನ್: ನನ್ನ ಗಂಡನ ಕೊನೇ ಮಾತು ಕಣೋ ಅದು. ಅವನ ಕಲ್ಲಿನ ಮೇಲೆ ಅವನ ಮಾತು ಬಿಟ್ಟು ನಿನ್ನ ಮಾತು ಹಾಕಿಸ್ಲಾ?

ಕ್ಲೈವ್: ‘ಚಿರನಿದ್ರೆಯಲ್ಲಿ’ ಅಂತ ಹಾಕ್ಸು. ಎಲ್ರೂ ಅದನ್ನೇ ಹಾಕ್ಸಿದಾರೆ.

ನೋಲೀನ್: ನಿದ್ದೆ ವಿಷಯ ಮಾತ್ರ ಎತ್ಬೇಡ. ನಲವತ್ತಾರು ವರ್ಷ ಅವನ ಗೊರಕೆ ಕೇಳಿದೀನಿ. ಇನ್ನು ಕಲ್ಲಿನ ಮೇಲೂ ಅದನ್ನೇ ಓದ್ಲಾ?

ವಿಕ್ಟೋರಿಯಾ ರಾಜ್ಯದ ಗೋಧಿ ಸೀಮೆಯಲ್ಲಿರುವ ಬಿರಾಂಗ ಎಂಬ ಊರಿನ ಸ್ಮಶಾನದ ಗೇಟಿನ ಪಕ್ಕ ಒಂದು ತಗಡಿನ ಕೋಣೆ ಇದೆ. ಅದೇ ಸ್ಮಶಾನ ಸಮಿತಿಯ ಕಚೇರಿ. ಕಾರ್ಯದರ್ಶಿ ಕ್ಲೈವ್ ಡನ್‌ಸ್ಟನ್ ಇಪ್ಪತ್ತೆರಡು ವರ್ಷಗಳಿಂದ ಅಲ್ಲಿ ಕುಳಿತು ಊರಿನ ಸತ್ತವರನ್ನೆಲ್ಲ ಶಿಸ್ತಿನಲ್ಲಿ ಇಟ್ಟಿದ್ದ. ಬದುಕಿದ್ದವರು ಅವನ ಮಾತು ಕೇಳುತ್ತಿರಲಿಲ್ಲ. ಎದುರಿಗೆ ಕುಳಿತಿದ್ದ ನೋಲೀನ್ ಪಾಸ್ಕೋ ತನ್ನ ಗಂಡ ರೆಗ್‌ನನ್ನು ಮಣ್ಣು ಮಾಡಿ ಐದು ತಿಂಗಳಾಗಿತ್ತು. ಹೊರಗೆ ಮರದ ನೆರಳಿನಲ್ಲಿ ಕಲ್ಲು ಕೆತ್ತುವ ಡಾರ್ಸಿ ಹೆಸರು, ತಾರೀಖು ಕೆತ್ತಿ ಮುಗಿಸಿ ಮೂರನೇ ಸಾಲಿಗೆ ಕಾಯುತ್ತಿದ್ದ. ಶನಿವಾರ ನೋಲೀನ್‌ಳ ಹೆಣ್ಣುಮಕ್ಕಳಿಬ್ಬರೂ ಪರ್ತ್‌ನಿಂದ ಬರುವವರಿದ್ದರು. ಅಷ್ಟರೊಳಗೆ ಕಲ್ಲು ನಿಲ್ಲಬೇಕು. ಕ್ಲೈವ್‌ನ ಸಹಿ ಇಲ್ಲದೆ ನಿಲ್ಲುವಂತಿರಲಿಲ್ಲ.

ಕ್ಲೈವ್: ನೋಡಿ ಮಿಸೆಸ್ ಪಾಸ್ಕೋ...

ನೋಲೀನ್: ಓಹೋ, ಮಿಸೆಸ್ ಪಾಸ್ಕೋ! ಮೂರನೇ ಕ್ಲಾಸಲ್ಲಿ ನನ್ನ ಜಡೇನ ಇಂಕಿನ ಕುಡಿಕೇಲಿ ಅದ್ದಿದೋನು, ಈಗ ಬಹುವಚನ ಬೇರೆ.

ಕ್ಲೈವ್: ಕಾರ್ಯದರ್ಶಿಯಾಗಿ ಮಾತಾಡ್ತಿದೀನಿ. ನಿಯಮ ಒಂಬತ್ತು. ಕಲ್ಲಿನ ಮೇಲಿನ ಬರಹ ದುಃಖ, ಭಕ್ತಿ, ನೆಮ್ಮದಿ, ಈ ಮೂರರಲ್ಲಿ ಒಂದನ್ನ ಸೂಚಿಸ್ಬೇಕು.

ನೋಲೀನ್: ಬೆರಗು?

ಕ್ಲೈವ್: ಪಟ್ಟೀಲಿಲ್ಲ.

ನೋಲೀನ್: ಈ ನಿಯಮ ಬರೆದೋನು ಯಾರು?

ಕ್ಲೈವ್: ...ನಾನೇ. ಆದ್ರೆ ಸಮಿತಿ ಒಪ್ಪಿದೆ.

ನೋಲೀನ್: ಸಮಿತೀಲಿ ನೀನು, ನಿನ್ನ ಹೆಂಡ್ತಿ, ಮತ್ತೆ ಕಿವಿ ಕೇಳದ ಬಾಸಿಲ್. ಒಬ್ಬಳು ನಿಂಗೆ ಹೆದರ್ತಾಳೆ, ಒಬ್ಬಂಗೆ ಕೇಳ್ಸಲ್ಲ.

ಕ್ಲೈವ್ ಮೇಜಿನ ಖಾನೆಯಿಂದ ದಪ್ಪ ನಿಘಂಟೊಂದನ್ನು ತೆಗೆದ. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿದ.

ಕ್ಲೈವ್: ಕೇಳು. ‘ಕ್ರೈಕಿ: ಅಚ್ಚರಿ, ಬೆರಗನ್ನು ಸೂಚಿಸುವ ಉದ್ಗಾರ. ಕ್ರಿಸ್ತನ ಹೆಸರಿಗೆ ಬದಲಾಗಿ ಬಳಸುವ ಮರೆಮಾತು.’ ಗೊತ್ತಾಯ್ತಾ? ದೇವರ ಹೆಸರನ್ನ ಸುಮ್‌ಸುಮ್ನೆ ಎತ್ತಿದ ಹಾಗೆ.

ನೋಲೀನ್: ಎತ್ತಬಾರದು ಅಂತ ತಾನೇ ಬದಲಿ ಮಾತು ಮಾಡ್ಕೊಂಡಿರೋದು? ಅದು ಮರ್ಯಾದೆ ಕಣೋ.

ಕ್ಲೈವ್: ಬದಲಿ ಆದ್ರೂ ಅರ್ಥ ಅದೇ.

ನೋಲೀನ್: ಹಾಗಾದ್ರೆ ಅದು ಭಕ್ತಿ. ನಿನ್ನ ಪಟ್ಟೀಲಿ ಎರಡನೇದು. ಹಾಕು ಸಹಿ.

ಕ್ಲೈವ್ ನಿಘಂಟನ್ನು ಮುಚ್ಚಿದ. ಅದು ತನ್ನ ಪರವಾಗಿ ಮಾತಾಡುತ್ತದೆಂದು ನಂಬಿ ಮೋಸಹೋಗಿದ್ದ.

ಕ್ಲೈವ್: ಜನ ಏನಂದ್ಕೋತಾರೆ ಯೋಚ್ನೆ ಮಾಡು. ಸತ್ತವನು ‘ಕ್ರೈಕಿ’ ಅಂದ ಅಂದ್ರೆ, ಮೇಲ್ಗಡೆ ನೋಡ್ಬಾರದ್ದೇನೋ ನೋಡ್ದ ಅಂತ ಅರ್ಥ. ಓದಿದವರಿಗೆ ಸಾಯೋಕೇ ಭಯ ಆಗುತ್ತೆ.

ನೋಲೀನ್: ಅರ್ಥ ಹೇಳೋ ರೀತೀಲಿರುತ್ತೆ. ಬೆರಳಿಗೆ ಸುತ್ತಿಗೆ ಏಟು ಬಿದ್ರೆ ಗಿಡ್ಡಕ್ಕೆ, ‘ಕ್ರೈಕಿ!’ ಅಂತ. ಖುಷಿಯಾದ್ರೆ ಎಳೆದು, ‘ಕ್ರೈ...ಕಿ’. ರೆಗ್ ಎಳೆದು ಅಂದಿದ್ದು.

ಕ್ಲೈವ್: ಎಲ್ಲಾ ಒಂದೇ.

ನೋಲೀನ್: ಒಂದೇನಾ? ಎಲ್ಲಿ, ನೀನೇ ಅಂದು ನೋಡು.

ಕ್ಲೈವ್: ಕ್ರೈಕಿ.

ನೋಲೀನ್: ಇದು ಬಸ್ ಟಿಕೆಟ್ ಕೇಳಿದ ಹಾಗಾಯ್ತು. ಬಾಯಿ ತೆಗಿ.

ಕ್ಲೈವ್: ಕ್ರೈ...ಕಿ!

ನೋಲೀನ್: ಎದೆಯಿಂದ ಬರ್ಲಿ.

ಕ್ಲೈವ್: ಕ್ರೈಕೀ!!

ಬಾಗಿಲು ಧಡಾರನೆ ತೆರೆಯಿತು. ಡಾರ್ಸಿ ಸಲಿಕೆ ಎತ್ತಿಕೊಂಡು ಒಳಗೆ ನುಗ್ಗಿದ.

ಡಾರ್ಸಿ: ಎಲ್ಲಿ ಹಾವು? ಮೇಜಿನ ಕೆಳಗಾ?

ಕ್ಲೈವ್: ಯಾವ ಹಾವೂ ಇಲ್ಲ! ಸಲಿಕೆ ಇಳ್ಸು ಮಾರಾಯ!

ಡಾರ್ಸಿ: ಮತ್ಯಾಕೆ ಹಂಗೆ ಕಿರುಚಿದ್ರಿ?

ಕ್ಲೈವ್: ಶಬ್ದದ ಪ್ರಯೋಗ ಪರಿಶೀಲನೆ ಮಾಡ್ತಿದ್ವಿ.

ಡಾರ್ಸಿ ಇಬ್ಬರ ಮುಖವನ್ನೂ ನೋಡಿ, ಸಲಿಕೆಯನ್ನು ಗೋಡೆಗೆ ಒರಗಿಸಿದ. ಬಂದದ್ದು ಬಂದಾಯಿತು ಎಂದು ಬಿಸ್ಕತ್ತಿನ ಡಬ್ಬಿಗೆ ಕೈ ಹಾಕಿದ.

ಡಾರ್ಸಿ: ಒಂದು ಕೇಳ್ಬೇಕಿತ್ತು. ಕೊನೇಲಿ ಆಶ್ಚರ್ಯಸೂಚಕ ಬೇಕಾ?

ಕ್ಲೈವ್: ಮಾತೇ ಬೇಡ ಅಂತಿರೋವಾಗ ಚಿಹ್ನೆ ಬೇರೆ!

ನೋಲೀನ್: ಬೇಡ ಡಾರ್ಸಿ. ಅವನು ಚಿಹ್ನೆ ಇಲ್ದೆ ಅಂದ. ಅಷ್ಟು ಉಸಿರು ಉಳಿದಿರ್ಲಿಲ್ಲ.

ಬಿಸಿಗಾಳಿಗೆ ತಗಡು ಕಿರುಗುಟ್ಟಿತು. ಡಾರ್ಸಿ ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿದ.

ಕ್ಲೈವ್: ನೋಲೀನ್, ನಂಗೆ ಅರ್ಥ ಆಗುತ್ತೆ. ಆದ್ರೆ ಇದೇ ಮಾತು ಯಾಕೆ? ಒಳ್ಳೆ ಮಾತು ಅವನು ಎಷ್ಟೋ ಆಡಿರ್ತಾನೆ.

ನೋಲೀನ್: ಆಡಿದಾನೆ. ಮದುವೆ ದಿನ ಬಿಳಿ ಉಡುಪಲ್ಲಿ ನನ್ನನ್ನ ನೋಡಿ, ‘ಪರವಾಗಿಲ್ಲ’ ಅಂದ. ಅವಳಿ ಹೆಣ್ಣು ಹುಟ್ಟಿದಾಗ ನರ್ಸ್ ಬಂದು ಹೇಳಿದ್ರೆ, ‘ಎರಡಾ? ಸರಿ’ ಅಂದ. ಕಣದಲ್ಲಿ ಗೋಧಿಗೆ ಬೆಂಕಿ ಬಿದ್ದು ಊರೆಲ್ಲ ಕೂಗಾಡ್ತಿದ್ರೆ ಟೋಪಿ ತೆಗೆದು, ‘ಸ್ವಲ್ಪ ಸೆಕೆ’ ಅಂದ. ನಲವತ್ತಾರು ವರ್ಷ ಕಾದೆ ಕ್ಲೈವ್, ಈ ಮನುಷ್ಯ ಯಾವುದಕ್ಕಾದ್ರೂ ಒಂದ್ಸಲ ಬೆರಗಾಗ್ತಾನಾ ಅಂತ. ಆದ. ಆಗಿ ಸತ್ತ. ಅದನ್ನ ಕೆತ್ತಿಸ್ಬಾರ್ದಾ?

ಡಾರ್ಸಿ: ಹಾಕ್ಲಿ ಬಿಡಿ ಸಾರ್. ನಿಮ್ಮ ಚಿಕ್ಕಪ್ಪನ ಕಲ್ಲಿನ ಮೇಲೆ ‘ಏಕಪತ್ನೀವ್ರತಸ್ಥ’ ಅಂತ ಕೆತ್ತಿಲ್ವಾ ನಾನು? ಮಣ್ಣಿಗೆ ಎರಡೂ ಮನೆಯವರು ಬಂದಿದ್ರು.

ಕ್ಲೈವ್‌ನ ಕಿವಿ ಕೆಂಪಾಯಿತು. ಕೆಂಪಾದಾಗಲೆಲ್ಲ ಅವನು ನಿಯಮಕ್ಕೆ ಮರಳುತ್ತಿದ್ದ.

ಕ್ಲೈವ್: ಆಯ್ತು. ಒಂದು ದಾರಿ ಇದೆ. ನಿಯಮ ಹದಿನಾಲ್ಕು, ವಿಶೇಷ ಸಂದರ್ಭ. ರೆಗ್ ಏನನ್ನ ಕಂಡು ಬೆರಗಾದ ಅಂತ ನಡಾವಳಿ ಪುಸ್ತಕದಲ್ಲಿ ಬರೀಬೇಕು. ಅದು ಯೋಗ್ಯವಾದ ಕಾರಣ ಆಗಿದ್ರೆ ಸಹಿ ಹಾಕ್ತೀನಿ. ದೇವದೂತರು, ಬೆಳಕು, ಅವರಮ್ಮ, ಅಂಥದ್ದೇನಾದ್ರೂ.

ನೋಲೀನ್: ಕಾರಣ ಬೇಡ ಕ್ಲೈವ್.

ಕ್ಲೈವ್: ಬೇಕು.

ನೋಲೀನ್: ಹೇಳ್ತಿದೀನಲ್ಲ, ಬೇಡ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು.

ಕ್ಲೈವ್: ಕಾರಣ ಇಲ್ಲ ಅಂತ ಅರ್ಥ! ಏನೋ ನರಳಿದ, ನಿಂಗೆ ‘ಕ್ರೈಕಿ’ ಅಂತ ಕೇಳಿಸ್ತು. ಡಾರ್ಸಿ, ‘ಚಿರನಿದ್ರೆಯಲ್ಲಿ’ ಅಂತ ಕೆತ್ತು.

ನೋಲೀನ್ ಕೈಚೀಲವನ್ನು ಮಡಿಲಿನಿಂದ ತೆಗೆದು ಮೇಜಿನ ಮೇಲಿಟ್ಟಳು.

ನೋಲೀನ್: ಬರ್ಕೋ. ಗುರುವಾರ ಮಧ್ಯಾಹ್ನ, ಮೂರೂಕಾಲು ಗಂಟೆ.

ಕ್ಲೈವ್: ‘ಮೂರೂಕಾಲು...’

ನೋಲೀನ್: ರೆಗ್ ಕಣ್ಣು ಮುಚ್ಚಿ ಮಲಗಿದ್ದ. ನಾನು ಕಿಟಕಿಯಿಂದ ಹೊರಗೆ ನೋಡ್ದೆ.

ಕ್ಲೈವ್: ‘ಕಿಟಕಿಯಿಂದ...’ ಬೆಳಕಾ?

ನೋಲೀನ್: ನೀನು.

ಕ್ಲೈವ್‌ನ ಪೆನ್ನು ನಿಂತಿತು.

ನೋಲೀನ್: ನಮ್ಮನೆ ಗೇಟಿನ ಹತ್ರ ಏನೋ ಇಳ್ಸಿ, ಬೆಲ್ಲೂ ಮಾಡ್ದೆ, ಒಳಗೂ ಬರ್ದೆ ಹೊರಟುಹೋದೆ. ನಾನು ರೆಗ್ ಕಿವಿ ಹತ್ರ ಬಗ್ಗಿ, ‘ಹನ್ನೊಂದು ವರ್ಷದ ಹಿಂದೆ ಒಂದು ದಿನಕ್ಕೆ ಅಂತ ಒಯ್ದಿದ್ದ ನಮ್ಮ ತಳ್ಳುಗಾಡೀನ ಕ್ಲೈವ್ ವಾಪಸ್ ತಂದಿದಾನೆ ಕಣೋ’ ಅಂದೆ. ಕಣ್ಣು ಬಿಟ್ಟ. ನನ್ನನ್ನೇ ನೋಡ್ದ. ‘ಕ್ರೈ...ಕಿ’ ಅಂದ. ಹೋದ.

ಡಾರ್ಸಿ ಬಿಸ್ಕತ್ತು ನೆತ್ತಿಗೇರಿ ಕೆಮ್ಮತೊಡಗಿದ. ಕೆಮ್ಮು ಬೇಗ ನಿಲ್ಲಲಿಲ್ಲ.

ನೋಲೀನ್: ಬರ್ದಾಯ್ತಾ? ಓದಿದವರಿಗೆ ಅರ್ಥ ಆಗ್ಬೇಕು ಅಂದ್ರೆ ಆ ಸಾಲನ್ನ ಪೂರ್ತಿ ಕೆತ್ತಿಸ್ತೀನಿ ಬೇಕಾದ್ರೆ. ಜಾಗ ಸಾಲುತ್ತಾ ಡಾರ್ಸಿ?

ಡಾರ್ಸಿ: ಸಾಲುತ್ತೆ. ‘ಕ್ಲೈವ್’ನ ಸ್ವಲ್ಪ ದಪ್ಪಕ್ಕೇ ಹಾಕ್ಬಹುದು.

ಕ್ಲೈವ್: ಬೇಡ! ಬೇಡ... ಒಂದು ಪದ ಸಾಕು. ಚಿಕ್ಕದಾಗಿ, ಗಂಭೀರವಾಗಿದೆ.

ಅವನು ನಡಾವಳಿ ಪುಸ್ತಕದ ಆ ಪುಟವನ್ನು ಹರಿದು ಜೇಬಿಗೆ ಸೇರಿಸಿದ. ಅರ್ಜಿಯ ಮೇಲೆ ಎರಡು ಕಡೆ ಸಹಿ ಹಾಕಿದ. ಬೇಕಿದ್ದದ್ದು ಒಂದೇ ಕಡೆ. ಡಾರ್ಸಿ ಅರ್ಜಿಯನ್ನೂ ಸಲಿಕೆಯನ್ನೂ ತೆಗೆದುಕೊಂಡು ಹೊರಗೆ ನಡೆದ. ಸ್ವಲ್ಪ ಹೊತ್ತಿಗೆ ಉಳಿಯ ಸದ್ದು ಶುರುವಾಯಿತು.

ಕ್ಲೈವ್: ನೋಲೀನ್... ಅವನು ಬೇರೆ ಏನಾದ್ರೂ ಅಂದ್ನಾ? ನನ್ನ ಬಗ್ಗೆ?

ನೋಲೀನ್: ಇಲ್ಲ. ಗಾಡಿಗೆ ಚಕ್ರ ಇಲ್ಲ ಅಂತ ನಾನೂ ಹೇಳ್ಲಿಲ್ಲ. ಸಾಯೋ ಮನುಷ್ಯ, ನಿನ್ನ ಮೇಲೆ ನಂಬಿಕೆ ಇಟ್ಕೊಂಡೇ ಹೋಗ್ಲಿ ಅಂತ ಸುಮ್ನಾದೆ.