ಪತ್ರಾಸಿನ ಕೆಳಗಿನ ಬಡಿಗೇರ

ಶಿವ ಕೊಟ್ಟ ಬಿಸಿಲಿಗೆ ಹೆಸರಿಟ್ಟು ಬೈಯಬಾರದು. ಆದರೆ ಆ ಬಿಸಿಲಿಗೂ ಮನುಷ್ಯನ ತಲೆಗೂ ನಡುವೆ ಒಂದು ತಗಡಿನ ಪತ್ರಾಸು ಬಂತೆಂದರೆ ಒಂದಿಲ್ಲೊಂದು ನಗೆಪಾಟಲು ನಡೆಯುತ್ತಲೇ ಇರುತ್ತದೆ. ಹಿರೋಳ್ಳಿಯಲ್ಲಿ ನಾನು ಎತ್ತಿನ ಗಾಡಿ ಕಟ್ಟಿಸುವ ಶೆಡ್ಡು ಹಾಕಿದ ಮೇಲೆ ಎರಡು ಬೇಸಿಗೆ ನಡೆದದ್ದು ಇದೇ.

ಕಡಾಯಿ

ಅದು ೧೯೪೭ರ ಬೇಸಿಗೆ. ಸೊಲ್ಲಾಪುರದ ಕಡೆಯಿಂದ ಹಳೆಯ ಪತ್ರಾಸು ಅಗ್ಗಕ್ಕೆ ಸಿಕ್ಕವು. ಕಂಬ ನೆಟ್ಟು, ಮೇಲೂ ಸುತ್ತಲೂ ತಗಡು ಬಡಿಸಿ, ಕಂಬಕ್ಕೆ ವಿಭೂತಿ ಹಚ್ಚಿ, ತೆಂಗಿನಕಾಯಿ ಒಡೆದು, ಒಬ್ಬ ಬಡಿಗೇರನನ್ನು ತಂದು ಕೂಡಿಸಿದೆ. ಗಾಲಿ ಮಾಡುವುದರಲ್ಲಿ ಅವನನ್ನು ಸರಿಗಟ್ಟುವವರು ಆ ಸುತ್ತಿನಲ್ಲಿ ಇರಲಿಲ್ಲ. ಅವನಿದ್ದರೆ ಅದು ಶೆಡ್ಡು, ಇಲ್ಲದಿದ್ದರೆ ಬರೀ ತಗಡು.

ಮೊದಲ ಮಧ್ಯಾಹ್ನವೇ ಅವನು ಬಾಚಿ ಕೆಳಗಿಟ್ಟು ಹೊರಗೆ ಬಂದ. ಮೈಯೆಲ್ಲ ಬೆವರು.

“ಸಾವಕಾರ್ರ, ಮ್ಯಾಲಿಂದ ಕಾವು, ಮಗ್ಗಲಿಂದ ಕಾವು. ಕಡಾಯಿಯೊಳಗ ಬಿದ್ದಂಗ ಚುರುಚುರು ಅನ್ನಾಕತ್ತೇನಿ.”

“ತಡಕೋ ಬಡಿಗೇರ. ಶಿವ ದೊಡ್ಡಾಂವ.”

“ಶಿವ ದೊಡ್ಡಾಂವ, ಹೌದ್ರಿ. ಆದ್ರ ನಾನು ಬಡಿಗೇರ ಇದ್ದೇನಿ, ಭಜಿ ಅಲ್ಲ!”

ಅಜ್ಜಿಯ ಉಪಕಾರ

ಬಡಿಗೇರನ ಮಾವನ ಊರು ಅಫಜಲಪುರ. ಅಲ್ಲಿ ಗಾಳಿಯಾಡುವ ಛಪ್ಪರವೊಂದು ಅವನಿಗಾಗಿಯೇ ಕಾದಿತ್ತು. “ತಂಪು ಮಾಡ್ರಿ, ಇಲ್ಲಾಂದ್ರ ನಾ ಹೊಂಟೆ” ಎಂದ. ದಿನಮಾನ ಕೆಟ್ಟಿದ್ದವು, ಸೀಮೆಯಲ್ಲೆಲ್ಲ ಗಲಾಟೆ. ಹಾದಿಯ ಭಯಕ್ಕೆ ಹಂಚಿನ ಗಾಡಿಗಳು ಬರುವುದು ನಿಂತಿತ್ತು. ಕೈಗೆ ಸಿಕ್ಕಿದ್ದರಲ್ಲೇ ತಂಪು ಹುಡುಕಬೇಕು. ಹೊಲದ ತೊಗರಿ ಕಟ್ಟಿಗೆ ತರಿಸಿ ಪತ್ರಾಸಿನ ಮೇಲೆ ದಪ್ಪಗೆ ಹೊದಿಸಿದೆ.

ನೆರಳೇನೋ ಆಯಿತು. ಆದರೆ ಹೊದಿಕೆ ದಿನದಿನಕ್ಕೆ ತೆಳ್ಳಗಾಗುತ್ತ ಬಂತು. ಒಂದು ಮುಂಜಾನೆ ಲಿಂಗಪೂಜೆ ಮುಗಿಸಿ ಹೊರಗೆ ಬಂದರೆ, ನೆರೆಮನೆಯ ಅಜ್ಜಿ ಉದ್ದನೆಯ ಕೊಕ್ಕೆಯಿಂದ ಕಟ್ಟಿಗೆ ಎಳೆದು ಹೊರೆ ಕಟ್ಟುತ್ತಿದ್ದಳು.

“ಯಮ್ಮಾ, ಇದೇನಿದು?”

ಅಜ್ಜಿ ಅಂಜಲಿಲ್ಲ. “ಕಾವು ಕಡಿಮಿ ಆಗ್ಲಿ ಅಂತ ಉರಿಯೋ ಸಾಮಾನ ತಲಿಮ್ಯಾಲ ಇಟಗೊಂಡೀಯಲ್ಲೋ ತಮ್ಮಾ! ಒಂದು ಕಿಡಿ ಹಾರಿದ್ರ ಏನ್ ಗತಿ? ಅದಕ್ಕ ಇಳಿಸಿ ಒಯ್ದು ನಾನ ಸುಡಾಕತ್ತೇನಿ. ನಿನ್ನ ಒಳ್ಳೇದಕ್ಕ!”

ಮಾಳಿಗೆಯ ಹೊಲ

ಆಮೇಲೆ ಮಣ್ಣು, ಸೆಗಣಿ, ಜೋಳದ ಹೊಟ್ಟು ಕಲಸಿ ಪತ್ರಾಸಿನ ಮೇಲೆ ಮೆತ್ತಿಸಿದೆ. ಒಳಗೆ ಒಂದಿಷ್ಟು ತಂಪಾಯಿತು, ಬಡಿಗೇರನೂ ಹೂಂ ಅಂದ. ಮಳೆ ಬಿತ್ತು ನೋಡಿ, ಹೊಟ್ಟಿನಲ್ಲಿ ಉಳಿದಿದ್ದ ಕಾಳೆಲ್ಲ ಮೊಳೆತು ಶೆಡ್ಡಿನ ಮೇಲೆ ಜೋಳ ತೂಗಾಡತೊಡಗಿತು. ಕೆಳಗೆ ಹೊಲದಲ್ಲಿ ನಾನೇ ಬಿತ್ತಿದ್ದು ಇಷ್ಟು ಚೆನ್ನಾಗಿ ಎದ್ದಿರಲಿಲ್ಲ.

ಊರ ಹೊಲಗಳ ಲೆಕ್ಕ ಬರೆಯುವ ಪಟವಾರಿಗಳು ಹಾದು ಹೋಗುವಾಗ ನಿಂತರು. “ಏನ್ರಿ, ಎಲ್ಲಾರ ಹೊಲ ಕೆಳಗದ, ನಿಮ್ಮದು ಮ್ಯಾಲದ! ಇದಕ್ಕ ಕಂದಾಯದ ಪಟ್ಟಿ ಹಾಕಬೇಕಾಗ್ತದ.”

“ಧಾರಾಳ ಹಾಕ್ರಿ. ಏಣಿ ತರ್ತೇನಿ, ಸರಪಳಿ ಹಿಡಕೊಂಡು ನೀವ ಹತ್ತಿ ಅಳೀರಿ” ಅಂದೆ.

ಪಟವಾರಿಗಳು ಒಮ್ಮೆ ಏಣಿ ನೋಡಿದರು, ಒಮ್ಮೆ ತಮ್ಮ ಹೊಟ್ಟೆ ನೋಡಿಕೊಂಡರು. ಮೊಣಕಾಲೆತ್ತರದ ಬೆಳೆಯತ್ತ ಕೈ ಮಾಡಿ, “ಹೋಗ್ಲಿ ಬಿಡ್ರಿ, ಇದು ಬಂಜರ ಭೂಮಿ!” ಎಂದು ನಡೆದರು.

ತಾಟು

ಒಂದು ದೊಡ್ಡ ಮಳೆಗೆ ಆ ಹೊಲವೆಲ್ಲ ಜಾರಿ ಅಂಗಳಕ್ಕೆ ಬಂತು. ಮರುವರ್ಷ ಮತ್ತೆ ಬೇಸಿಗೆ, ಮತ್ತೆ ಕಡಾಯಿ. “ಬಸವ ಜಯಂತಿ ತನಕ ನೋಡ್ತೇನಿ, ಆಮ್ಯಾಲ ಅಫಜಲಪುರ” ಎಂದು ಬಡಿಗೇರ ಖಡಾಖಂಡಿತ ಹೇಳಿಬಿಟ್ಟ.

ಆಳಂದದ ಕಾಳಿನ ಅಂಗಡಿಯ ಸಾಹೇಬರು ನನಗೆ ಬೇಕಾದವರು. ಅವರ ಮುಂದೆ ನನ್ನ ಕಷ್ಟ ತೋಡಿಕೊಂಡೆ.

“ಅರೇ ಶರಣ್ರೇ, ಮ್ಯಾಲ ಯಾಕ ಹೊರಸ್ತೀರಿ? ಒಳಗಿಂದ, ಅಂದರ್ ಸೆ ಟಾಟ್ ಕಟ್ರಿ! ಪತ್ರಾಸಿಗೂ ಟಾಟಿಗೂ ನಡುವ ಗೇಣು ಜಾಗಾ ಬಿಡ್ರಿ. ಹಳೇವು ಇದ್ರೂ ನಡೀತದ.”

“ಮನ್ಯಾಗ ಭಾಳ ಅದಾವ್ರಿ.”

“ಮತ್ತೇನ್ರಿ, ಖರ್ಚೇ ಇಲ್ಲ!”

ನಾನು ಓದಿದ್ದು ಊರ ಅಯ್ಯನವರ ಕನ್ನಡ ಸಾಲಿಯಲ್ಲಿ, ಉರ್ದು ಅಷ್ಟಕ್ಕಷ್ಟೆ. ಅವರು ಟಾಟ್ ಅಂದದ್ದು ನನ್ನ ಕಿವಿಗೆ ಊಟದ ತಾಟು ಎಂದು ಬಿತ್ತು. ಯೋಚಿಸಿದೆ. ಬೆಳಗಿದ ಹಿತ್ತಾಳೆ ತಾಟು ಬಿಸಿಲನ್ನು ನಮ್ಮ ಕಣ್ಣಿಗೇ ತಿರುಗಿ ಹೊಡೆಯುತ್ತದಲ್ಲವೆ? ದೊಡ್ಡವರ ಮಾತಿನಲ್ಲಿ ಅರ್ಥವಿದೆ.

ಬಸವ ಜಯಂತಿ ಕಳೆದು ಅಮಾವಾಸ್ಯೆ ಬಂತು. ಬಡಿಗೇರನಿಗೆ ಸೂಟಿ. ಮನೆಯವಳು ಜಿಡಗಾ ಮಠದ ದರ್ಶನಕ್ಕೆ ಹೋಗಿದ್ದಳು. ಮನೆಯ ತಾಟುಗಳನ್ನೆಲ್ಲ ಹೊತ್ತು ತಂದು, ಸುತಲಿ ಹಗ್ಗ ಬಿಗಿದು, ಗೇಣು ಜಾಗ ಬಿಟ್ಟು, ಸಾಲಾಗಿ ಪತ್ರಾಸಿನ ಕೆಳಗೆ ತೂಗುಹಾಕಿದೆ. ಗಾಳಿ ಬೀಸಿದರೆ ಢಣ್ ಢಣ್!

ಮರುದಿನ ಮನೆಯವಳು ಪ್ರಸಾದಕ್ಕೆಂದು ಜಂಗಮರನ್ನು ಕರೆದುಕೊಂಡೇ ಬಂದಳು. ಅಡಿಗೆಯಾಯಿತು. ಒಳಗಿನಿಂದ ಕೂಗಿದಳು.

“ಏನ್ರಿ, ತಾಟ ಎಲ್ಲಿ ಹೋದ್ವು?”

“ಶೆಡ್ಡಿನ್ಯಾಗ ಕಟ್ಟೇನಿ.”

“ಕಟ್ಟೀರಾ? ಯಾಕ್ರಿ, ಓಡಿ ಹೋಗಾಕತ್ತಿದ್ವೇನು?”

ಇಬ್ಬರೂ ಶೆಡ್ಡಿಗೆ ಓಡಿದೆವು. ಅಷ್ಟರಲ್ಲೇ ತೊಗರಿ ಕೊಳ್ಳಲು ಊರಿಗೆ ಬಂದಿದ್ದ ಸಾಹೇಬರು, ಖಾಲಿ ಚೀಲದ ಗಾಡಿ ನಿಲ್ಲಿಸಿ, ತಮ್ಮ ಸಲಹೆ ಹೇಗೆ ಕೂಡಿಬಂತೆಂದು ನೋಡಲು ಒಳಗೆ ಬಂದರು. ಮೇಲೆ ನೋಡಿದವರು ತಲೆಯ ಮೇಲೆ ಕೈ ಹೊತ್ತರು.

“ಯಾ ಅಲ್ಲಾ! ಟಾಟ್ ಅಂದ್ರ ಗೋಣಿ ತಟ್ರೀ, ಗೋಣಿ ತಟ್ಟು! ನೀವು ಊಟದ ತಾಟ ಕಟ್ಟೀರಲ್ರೀ!”

ಆಗ ಬಾಗಿಲಲ್ಲಿ ಬಡಿಗೇರ ಕಾಣಿಸಿಕೊಂಡ. ಹೆಗಲ ಮೇಲೆ ಬಾಚಿ, ಉಳಿ ಕಟ್ಟಿದ ಚೀಲ. ಅಫಜಲಪುರಕ್ಕೆ ಹೊರಟವನು ಹೇಳಿ ಹೋಗಲು ಬಂದಿದ್ದ. ಅವನು ತಲೆಯೆತ್ತಿ ಒಂದೊಂದೇ ತಾಟು ನೋಡುತ್ತ ಹೋದ.

“ಕಡಾಯಿ ಮೊದ್ಲ ಇತ್ತು. ಈಗ ತಾಟೂ ಬಂದ್ವು. ಸಾವಕಾರ್ರ, ಖರೇ ಹೇಳ್ರಿ, ನನ್ನ ಯಾವಾಗ ಬಡಸ್ತೀರಿ?”

ಎಂದವನೇ ನಗತೊಡಗಿದ. ನಕ್ಕು ನಕ್ಕು ಚೀಲ ಕೆಳಗಿಟ್ಟ, ಚೀಲದ ಪಕ್ಕದಲ್ಲಿ ತಾನೂ ಕುಸಿದು ಕೂತ. ಆಮೇಲೆ ಚೀಲ ಬಿಚ್ಚಿ ಉಳಿ ತೆಗೆದು ತಾಟಿನ ಸುತಲಿ ತಾನೇ ಕೊಯ್ದ. ಸಾಹೇಬರು ಗಾಡಿಯಿಂದ ಹರಕು ಗೋಣಿ ಇಳಿಸಿಕೊಟ್ಟರು. ಜಂಗಮರ ಪ್ರಸಾದ ಮುಗಿಯುವಷ್ಟರಲ್ಲಿ ತಗಡಿನ ಕೆಳಗೆ ತಟ್ಟು ಬಿಗಿದು, ಮೇಲಿನ ಸಂದಿಯಲ್ಲಿ ಜೋಳದ ಒಣ ದಂಟಿನ ಕಣಿಕೆ ತುರುಕಿದ್ದೂ ಆಯಿತು. ಬಡಿಗೇರ ಒಳಗೆ ನಿಂತು ಮೈಗೆ ಕೈ ಆಡಿಸಿ ನೋಡಿದ. “ಅಫಜಲಪುರ ಎಲ್ಲಿ ಓಡಿ ಹೋಗ್ತದ್ರಿ” ಎಂದ.

ಊಟಕ್ಕೆ ಶೆಡ್ಡಿನಲ್ಲೇ ಕೂತೆವು. ಮನೆಯವಳು ಅವನ ತಾಟಿಗೆ ಮೊದಲು ಬಡಿಸಿದ್ದು ಬಿಸಿ ಬಿಸಿ ಭಜಿ. ಬಡಿಗೇರ ಅದಕ್ಕೆ ಎರಡೂ ಕೈ ಮುಗಿದ.

“ಹೋದ ಬ್ಯಾಸಗಿಗೆ ಕಡಾಯಿಯೊಳಗ ನನ್ನ ಜೋಡಿ ಇದ್ದಾಂವ್ರಿ, ಪಾಪ. ಇವಂಗ ಯಾರೂ ಗೋಣಿ ಕಟ್ಟಲಿಲ್ಲ!”