ಮಾವನ ಕೊಬ್ಬರಿ ಎಣ್ಣೆ ಹೊಳೆ

ಹಂದನಕೆರೆಯ ನಮ್ಮ ಸೋದರಮಾವನ ಮನೆಗೋಡೆಯ ಮೇಲೆ ಒಂದು ಹೊಳೆಯಿತ್ತು ಎಂದರೆ ನೀವು ನಂಬಲಾರಿರಿ. ಬೇಸಿಗೆಯಲ್ಲಿ ಹರಿಯುತ್ತಿತ್ತು, ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತಿತ್ತು!

ಇದಕ್ಕೆಲ್ಲ ಕಾರಣ ಅತ್ತೆ. ಹೇಮಾವತಿ ದಂಡೆಯಲ್ಲಿ ಹುಟ್ಟಿ ಬೆಳೆದವರು. ಈ ಒಣ ಸೀಮೆಗೆ ಸೊಸೆಯಾಗಿ ಬಂದ ದಿನದಿಂದ, "ಒಂದು ಹೊಳೆನೂ ಇಲ್ದಿರೋ ಊರು" ಎಂದು ಮಾವನನ್ನು ಚುಚ್ಚುತ್ತಲೇ ಇದ್ದರು. ಒಮ್ಮೆ ಮಾವನ ಕಣ್ಣಿಗೆ ಹಳೆಯ ಕ್ಯಾಲೆಂಡರಿನಲ್ಲಿ ಇಂಗ್ಲೆಂಡಿನ ಚಿತ್ರಕಾರನೊಬ್ಬನ ಚಿತ್ರ ಬಿತ್ತು. ಹಳ್ಳಿಯ ಹೊಳೆ, ದಂಡೆಯ ಮರಗಳು, ನೀರಿಗಿಳಿದ ಗಾಡಿ. ದೊಡ್ಡ ಚಿತ್ರಕ್ಕೆ ಮೊದಲು ಅಭ್ಯಾಸಕ್ಕೆಂದು ಬರೆದುಕೊಂಡ ಪುಟ್ಟ ತೈಲಚಿತ್ರವಂತೆ.

"ಹೊಳೆ ತಾನೇ ನಿಂಗೆ ಬೇಕಾಗಿರೋದು? ಬರೀತೀನಿ ಇರು" ಎಂದರು ಮಾವ.

ತಿಪಟೂರಿನಿಂದ ಚೌಕಟ್ಟು ಹಾಕಿದ ಒಂದು ಹಲಗೆ, ಬಣ್ಣದ ಪುಡಿ ಬಂದವು. ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿದರೆ ಒಣಗುತ್ತದೆ ಎಂದೆ. ಮಾವ ಕೆರಳಿದರು.

"ತೆಂಗಿನ ಸೀಮೇಲಿ ಹುಟ್ಟಿ ಅಗಸೆ ಎಣ್ಣೆ ತರಬೇಕೇನ್ಲಾ? ಆ ಇಂಗ್ಲಿಷಿನೋನಿಗೆ ಕೊಬ್ಬರಿ ಸಿಕ್ಕಿರಲಿಲ್ಲ, ಪಾಪ."

ಕೊಬ್ಬರಿ ಎಣ್ಣೆ ಎಲ್ಲಾದರೂ ಒಣಗುವುದುಂಟೇ? ಮೊದಲ ಬೇಸಿಗೆಯಲ್ಲೇ ಹೊಳೆ ಗಾಡಿಯನ್ನೂ ಎಳೆದುಕೊಂಡು ಚೌಕಟ್ಟಿನಿಂದ ಕೆಳಗಿಳಿಯಿತು. ಇರುವೆಗಳು ದಂಡೆಯಲ್ಲಿ ಸಂಸಾರ ಹೂಡಿದವು. ಅದನ್ನು ತಿಪ್ಪೆಗೆಸೆಯಿರಿ ಎಂದರು ನೆಂಟರು. ಮಾವ ಜಗ್ಗುವವರೇ?

"ಹರೀದಿದ್ರೆ ಅದು ಹೊಳೆನಾ?" ಎಂದು ಪ್ರತಿ ಮಳೆಗಾಲಕ್ಕೂ ಹೊಸದಾಗಿ ಬರೆದರು, ಅದೇ ಕೊಬ್ಬರಿ ಎಣ್ಣೆಯಲ್ಲಿ.

ಅತ್ತೆ ಹೊಗಳಲಿಲ್ಲ. ಆದರೆ ಬೆಳಿಗ್ಗೆ ಮುಖ ತೊಳೆದು ಬರುವಾಗ ಗೋಡೆಯ ಹೊಳೆಗೊಮ್ಮೆ ಬೆರಳೊತ್ತಿ, ಬೈತಲೆಗೆ ಸವರಿಕೊಳ್ಳುತ್ತಿದ್ದರು. ಬೈತಲೆಯಲ್ಲಿ ನೀಲಿ ಗೆರೆ ಇಟ್ಟುಕೊಂಡೇ ಮದುವೆಮನೆಗಳಿಗೂ ಹೋಗುತ್ತಿದ್ದರು!

"ಬಣ್ಣ ಹತ್ತುತ್ತೆ ಕಣೇ" ಎಂದು ಮಾವ ರೇಗಿದರೆ, "ನಮ್ಮ ಹೊಳೆ, ನಮ್ಮಿಷ್ಟ. ನೀವು ಸುಮ್ಕಿರಿ" ಎನ್ನುತ್ತಿದ್ದರು.

ಹೋದ ಚಳಿಗಾಲದಲ್ಲಿ ಅತ್ತೆ ತೀರಿಕೊಂಡರು.

ಬೇಸಿಗೆಯಲ್ಲಿ ಮಾವನನ್ನು ನೋಡಲು ಹೋದೆ. ಗೋಡೆ ಖಾಲಿಯಾಗಿತ್ತು. ಕೊನೆಗೂ ಸೋತರಲ್ಲ ಎಂದು ಮನಸ್ಸಿಗೆ ಕಷ್ಟವಾಯಿತು. ಮಾವ ಹಾಲಿಲ್ಲದ ಕಾಫಿ ತಂದುಕೊಟ್ಟರು.

"ಹಾಲು ಒಡೆದೋಯ್ತು ಕಣ್ಲಾ. ಹೊರಗಿಟ್ಟಿದ್ದೆ."

"ಫ್ರಿಜ್ ಕೆಟ್ಟಿದೆಯಾ ಮಾವ?" ಎನ್ನುತ್ತಾ ಹೋಗಿ ಬಾಗಿಲು ತೆಗೆದೆ.

ಒಳಗೆ ಹಾಲಿಲ್ಲ, ತರಕಾರಿಯಿಲ್ಲ. ಅಡ್ಡತಟ್ಟೆಗಳನ್ನೆಲ್ಲ ಕಿತ್ತು ಹಾಕಿ ಹೊಳೆಯನ್ನು ನಿಲ್ಲಿಸಿದ್ದರು. ಹೆಪ್ಪುಗಟ್ಟಿದ ನೀಲಿ ನೀರಿನ ನಡುವೆ ಒಂದು ಬೆರಳಿನ ಗುರುತು, ಗೆರೆಗಳ ಸಮೇತ ಹಾಗೇ ಇತ್ತು.

"ಬಾಗಿಲು ಹಾಕ್ಲಾ" ಎಂದು ಮಾವ ಹಿಂದಿನಿಂದ ಗದರಿದರು. "ನಿಮ್ಮತ್ತೆ ಬೆರಳು ಕರಗೋಯ್ತದೆ."